362 ಮೆಟ್ಟಿಲಿನ ಹೆದ್ದಾರಿ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಉಪನ್ಯಾಸ, ಅದೂ ರಸ್ತೆಯ ಬಗ್ಗೆ. ಯಾರಾದರೂ ತೂಕಡಿಸಿದರೆ ನನಗೇನೂ ಬೇಜಾರಿಲ್ಲ. ಆದರೆ ಅದಕ್ಕೂ ಮೊದಲು ಈ ಫೋಟೋ ಒಂದು ನೋಡಿಬಿಡಿ.

ಮೀನುಗಾರರ ಊರು. ಮನೆಗಳ ಮಧ್ಯೆ ಒಂದು ಸಂದಿ. ಸಂದಿ ದಾಟಿದರೆ ಗುಡ್ಡ ಹತ್ತುವ ಮೆಟ್ಟಿಲು, ಹಿಡಿದುಕೊಳ್ಳೋಕೆ ಕಂಬಿ, ಅಕ್ಕಪಕ್ಕ ಹೈಡ್ರೇಂಜಿಯ ಗಿಡಗಳು. ಇಷ್ಟೇ ಆಗಿದ್ದರೆ ಸುಮ್ನೆ ಬಿಡಬಹುದಿತ್ತು. ಆದರೆ ಅಲ್ಲೊಂದು ನೀಲಿ ಫಲಕ ಇದೆ, ಕಾಣಿಸುತ್ತಾ? ತಲೆಕೆಳಗಾದ ತ್ರಿಕೋನ, ಅದರ ಮೇಲೆ 339. ಜಪಾನಿನಲ್ಲಿ ಈ ಆಕಾರದ ಫಲಕವನ್ನು ಪ್ರೀತಿಯಿಂದ ಒನಿಗಿರಿ ಅನ್ನುತ್ತಾರೆ, ಅಂದರೆ ಅನ್ನದ ಉಂಡೆ. ಈ ಉಂಡೆ ಎಲ್ಲಿದೆಯೋ ಅದು ರಾಷ್ಟ್ರೀಯ ಹೆದ್ದಾರಿ. ಹೌದು, ನೀವು ನೋಡುತ್ತಿರುವ ಮೆಟ್ಟಿಲು ಜಪಾನಿನ ರಾಷ್ಟ್ರೀಯ ಹೆದ್ದಾರಿ 339. ಒಟ್ಟು 362 ಮೆಟ್ಟಿಲು, 388.2 ಮೀಟರ್ ಉದ್ದ, ಸುಮಾರು 70 ಮೀಟರ್ ಏರು. ಗಾಡಿಗೆ ಪ್ರವೇಶವಿಲ್ಲ. ಇದ್ದರೂ ಯಾರು ತಾನೇ ಓಡಿಸುತ್ತಾರೆ, ಅಲ್ವಾ?

ಊರಿನ ಹೆಸರು ತಪ್ಪಿ. ನಗಬೇಡಿ, ದಾರಿ ತಪ್ಪಿದ್ದಲ್ಲ, ಹೆಸರೇ ತಪ್ಪಿ. ಅಓಮೊರಿ ಪ್ರಾಂತ್ಯದಲ್ಲಿ, ಹೊನ್ಶು ದ್ವೀಪದ ಉತ್ತರದ ಕೊನೆಯಲ್ಲಿ, ಸಮುದ್ರಕ್ಕೆ ಮೂಗು ಚಾಚಿಕೊಂಡು ನಿಂತ ಭೂಶಿರ. ಹವಾ ಚೆನ್ನಾಗಿದ್ದರೆ ಆಚೆ ದಡದ ಹೊಕ್ಕೈಡೊ ದ್ವೀಪ ಕಾಣುತ್ತದೆ.

ಮೆಟ್ಟಿಲಿಗೆ ಹೆದ್ದಾರಿಯ ಪಟ್ಟ ಹೇಗೆ ಸಿಕ್ಕಿತು? 1974ರಲ್ಲಿ 339ನ್ನು ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಗೆ ಸೇರಿಸಿದರು. ಮರುವರ್ಷ ಅದು ಜಾರಿಗೆ ಬಂತು. ಟೋಕಿಯೋದ ಯಾರೋ ಅಧಿಕಾರಿ ಜಾಗ ನೋಡದೆ ನಕ್ಷೆಯ ಮೇಲೆ ಗೆರೆ ಎಳೆದುಬಿಟ್ಟ ಅನ್ನುವ ಕಥೆ ಚೆನ್ನಾಗಿ ಓಡುತ್ತದೆ. ಕಥೆ ಕೇಳೋಕೆ ಮಜಾ, ನಾನೂ ಹತ್ತು ಜನರಿಗೆ ಹೇಳಿದ್ದೇನೆ. ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ: ಅಲ್ಲಿ ದಾರಿಯೇ ಇರಲಿಲ್ಲವೇನೋ ಅಂತ. ದಾರಿ ಇತ್ತು. ಗುಡ್ಡದ ಮೇಲಿನ ಶಾಲೆಗೆ ಮಕ್ಕಳು ಹತ್ತಿ ಹೋಗುತ್ತಿದ್ದ ದಾರಿ ಅದು. ಊರಿನವರಿಗೆ ಅದು ರಸ್ತೆಯೇ. ಸರ್ಕಾರ ಅದಕ್ಕೊಂದು ನಂಬರ್ ಕೊಟ್ಟಿತು, ಅಷ್ಟೇ.

ಈ ನಂಬರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆದ್ದಾರಿ ಅಂದ ತಕ್ಷಣ ನಮ್ಮ ತಲೆಗೆ ಅಗಲ ಬರುತ್ತದೆ, ಟೋಲ್ ಬರುತ್ತದೆ. ಜಪಾನಿನ ಕೊಕುದೋ, ಅಂದರೆ ರಾಷ್ಟ್ರೀಯ ಹೆದ್ದಾರಿ, ಅಗಲದ ಮಾತಲ್ಲ. ಇದು ಯಾರ ಜವಾಬ್ದಾರಿ, ಹಿಮ ಯಾರು ಎತ್ತಬೇಕು, ದುಡ್ಡು ಯಾವ ಬೊಕ್ಕಸದ್ದು ಅನ್ನುವ ಮಾತು. ದೊಡ್ಡ ಹೆದ್ದಾರಿಗಳನ್ನು ಕೇಂದ್ರವೇ ನೋಡಿಕೊಳ್ಳುತ್ತದೆ. 339ರಂಥ ಮೂರಂಕಿಯ ರಸ್ತೆಗಳು ಹೆಚ್ಚಾಗಿ ಪ್ರಾಂತ್ಯದ ಕೈಯಲ್ಲಿರುತ್ತವೆ. ಕೆಲವು ಎಷ್ಟು ಕೆಟ್ಟದಾಗಿವೆ ಅಂದರೆ, ರಸ್ತೆ ಹುಚ್ಚಿನವರು ಕೊಕುದೋ ಪದದ ಮೊದಲ ಅಕ್ಷರವನ್ನು ಬದಲಾಯಿಸಿ ಬರೆಯುತ್ತಾರೆ. ಉಚ್ಚಾರ ಅದೇ, ಅರ್ಥ ಮಾತ್ರ 'ಕ್ರೂರ ರಸ್ತೆ'!

ಈಗ ದಕ್ಷಿಣದ ತುದಿಗೆ ಹೋಗೋಣ. ಕೋಟೆಯ ಊರು ಹಿರೊಸಾಕಿಯಲ್ಲಿ ರಸ್ತೆ ಶುರು. ಅಲ್ಲಿಂದ ಫುಜಿಸಾಕಿ, ಇತಯನಾಗಿ, ತ್ಸುರುತ. ಇದೆಲ್ಲ ಸೇಬಿನ ಸೀಮೆ. ಜಪಾನಿನ ಅರ್ಧಕ್ಕಿಂತ ಜಾಸ್ತಿ ಸೇಬು ಬೆಳೆಯುವುದು ಇದೇ ಪ್ರಾಂತ್ಯದಲ್ಲಿ. ಇತಯನಾಗಿಯವರು 2002ರಲ್ಲಿ ಒಂದು ಸ್ಥಳೀಯ ಕಾನೂನನ್ನೇ ಮಾಡಿದರು. ಜನ ಅದನ್ನು ಕರೆಯುವುದು 'ಸೇಬನ್ನು ಹಾಗೇ ಕಚ್ಚಿ ತಿನ್ನುವ ಕಾನೂನು' ಅಂತ. ಸಿಪ್ಪೆ ಸುಲಿಯದೆ ಧೈರ್ಯವಾಗಿ ತಿನ್ನುವಂಥ ಸೇಬು ಬೆಳೆಯಬೇಕು, ಬೆಳೆದವರು ಯಾರು ಅನ್ನುವುದು ಗೊತ್ತಾಗಬೇಕು. ನನಗಂತೂ ಇಂಥ ಕಾನೂನು ಬಹಳ ಇಷ್ಟ.

ಮುಂದೆ ಗೊಶೊಗವಾರ. ಆಗಸ್ಟ್ ಹಬ್ಬದಲ್ಲಿ ಇಲ್ಲಿ 23 ಮೀಟರ್ ಎತ್ತರದ ದೀಪದ ತೇರು ಎಳೆಯುತ್ತಾರೆ, ಏಳು ಮಹಡಿ ಕಟ್ಟಡದಷ್ಟು ಎತ್ತರ. ಹಿಂದೆಯೂ ಇದ್ದವು. ಆದರೆ ಊರಿಗೆ ಕರೆಂಟು ಬಂತು, ತಂತಿ ಅಡ್ಡ ಬಂದು ತೇರು ಕುಳ್ಳಾಯಿತು. 1998ರಲ್ಲಿ ಎತ್ತರದ ತೇರು ಮತ್ತೆ ಹಬ್ಬದ ಬೀದಿಗೆ ಬಂತು. ಆಮೇಲೆ ತೇರು ಹೋಗುವ ಬೀದಿಯ ತಂತಿಗಳನ್ನು ನೆಲದೊಳಗೆ ಹಾಕಿದರು. ತಂತಿಗಾಗಿ ತೇರು ಬಗ್ಗಿತ್ತು, ಈಗ ತೇರಿಗಾಗಿ ತಂತಿ ಬಗ್ಗಿತು.

ಇಲ್ಲಿಂದ ಉತ್ತರಕ್ಕೆ ಪುಟ್ಟದೊಂದು ರೈಲು ಜೊತೆಯಾಗುತ್ತದೆ. ತ್ಸುಗರು ರೈಲ್ವೆ, 20.7 ಕಿಲೋಮೀಟರ್. ಚಳಿಗಾಲದಲ್ಲಿ ಬೋಗಿಯೊಳಗೆ ಕಲ್ಲಿದ್ದಲಿನ ಒಲೆ ಉರಿಸುತ್ತಾರೆ, ಅದರ ಮೇಲೆ ಒಣಗಿಸಿದ ಸ್ಕ್ವಿಡ್ ಸುಡುತ್ತಾರೆ. ಹೊರಗೆ ಜಿಫುಬುಕಿ. ಅಂದರೆ ಆಕಾಶದಿಂದ ಬೀಳುವ ಹಿಮವಲ್ಲ, ಬಿದ್ದ ಹಿಮವನ್ನೇ ಗಾಳಿ ನೆಲದಿಂದ ಎತ್ತಿ ಮುಖಕ್ಕೆ ಎರಚುವುದು. ಎದುರಿನ ಗಾಡಿ ಇರಲಿ, ನಿಮ್ಮ ಗಾಡಿಯ ಮುಂದಿನ ರಸ್ತೆಯೇ ಕಾಣುವುದಿಲ್ಲ. ಅದಕ್ಕೇ ರಸ್ತೆ ಬದಿಯಲ್ಲಿ ಗಾಳಿ ತಡೆಯುವ ಕಬ್ಬಿಣದ ಬೇಲಿ. ಎತ್ತರದ ಕಂಬಗಳಲ್ಲಿ ಕೆಳಮುಖದ ಬಾಣದ ಗುರುತು: ರಸ್ತೆಯ ಅಂಚು ಇಲ್ಲಿದೆ ಕಣಪ್ಪ, ಇದರಾಚೆ ಹೋಗಬೇಡ ಅಂತ. ಕನಗಿ ಊರಿನವರು 1988ರಿಂದ ಈ ಹಿಮಗಾಳಿಯನ್ನೇ ಪ್ರವಾಸ ಮಾಡಿಬಿಟ್ಟಿದ್ದಾರೆ. ದುಡ್ಡು ಕೊಟ್ಟು ಜನ ಬರುತ್ತಾರೆ, ಕಂಬಳಿ ಹೊದ್ದುಕೊಂಡು ಗಾಳಿಗೆ ಎದುರು ನಡೆಯುತ್ತಾರೆ.

ಕೊದೊಮಾರಿ ದಾಟಿದ ಮೇಲೆ ಬೆಟ್ಟ, ತಿರುವು. ಕೊದೊಮಾರಿಯಿಂದ ತಪ್ಪಿಗೆ ಕಾರಿನ ರಸ್ತೆ ಆಗಿದ್ದೇ 1984ರಲ್ಲಿ. ಈಗಲೂ ನವೆಂಬರ್ ಮಧ್ಯದಲ್ಲಿ ಗೇಟ್ ಹಾಕಿದರೆ ತೆಗೆಯುವುದು ಏಪ್ರಿಲ್ ಕೊನೆಗೆ. ವರ್ಷದಲ್ಲಿ ಐದು ತಿಂಗಳು ಮಲಗುವ ಹೆದ್ದಾರಿ.

ಇನ್ನೊಂದು ಕಡೆ ನೋಡಿ. ಇದೇ ತಪ್ಪಿಯ ಕೆಳಗಿಂದ, ಸಮುದ್ರದ ತಳದ ಅಡಿಯಲ್ಲಿ ಹೊಕ್ಕೈಡೊಗೆ ಹೋಗುವ 53.85 ಕಿಲೋಮೀಟರ್ ಉದ್ದದ ಸೇಕಾನ್ ರೈಲು ಸುರಂಗ ಇದೆ. 1988ರಲ್ಲಿ ರೈಲು ಶುರುವಾಯಿತು, 2016ರಿಂದ ಅದರಲ್ಲಿ ಶಿಂಕನ್‌ಸೆನ್, ಅಂದರೆ ಬುಲೆಟ್ ರೈಲು, ಓಡುತ್ತಿದೆ. ತಪ್ಪಿಯಲ್ಲಿರುವ ಸುರಂಗದ ಮ್ಯೂಸಿಯಮ್ಮಿನಿಂದ ಪುಟ್ಟ ಕೇಬಲ್ ರೈಲೊಂದು ಸಮುದ್ರಮಟ್ಟದಿಂದ 140 ಮೀಟರ್ ಕೆಳಗೆ ಇಳಿಸುತ್ತದೆ. ದೇಶದ ಅತಿ ವೇಗದ ರೈಲು ಕಾಲಡಿಯಲ್ಲಿ, ಮೇಲೆ ನಡೆದೇ ಹತ್ತಬೇಕಾದ ಹೆದ್ದಾರಿ. ಸುರಂಗದ ರೈಲು ತಪ್ಪಿಯವರಿಗಾಗಿ ನಿಲ್ಲುವುದಿಲ್ಲ. ಅವರಿಗೆ ಹತ್ತಿರವಿದ್ದದ್ದು ಮಿನ್ಮಾಯದ ಹಳೇ ಸ್ಟೇಷನ್. 2022ರ ಆಗಸ್ಟ್ ಮಳೆಗೆ ಆ ಹಳಿ ಹಾಳಾಯಿತು. ರಿಪೇರಿ ಬೇಡ, ಬಸ್ಸು, ಹಂಚಿಕೊಳ್ಳುವ ಟ್ಯಾಕ್ಸಿ ಸಾಕು ಅನ್ನುವ ತೀರ್ಮಾನಕ್ಕೆ ಬಂದರು. ಅಲ್ಲಿಗೆ ಓಡಾಟದ ಭಾರವೆಲ್ಲ ಮತ್ತೆ ರಸ್ತೆಯ ಹೆಗಲಿಗೆ.

ಪ್ರತಿ ಸಲ ಒಂದು ಪ್ರಶ್ನೆ ಬರುತ್ತದೆ, ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕಾರಿನವರು ಆ 70 ಮೀಟರ್ ಏರನ್ನು ಹೇಗೆ ದಾಟುತ್ತಾರೆ? ಹೆದ್ದಾರಿ ಬಿಟ್ಟು, ಗುಡ್ಡ ಬಳಸಿ ಹೋಗುವ ಊರಿನ ಸ್ವಂತ ರಸ್ತೆಗೆ ಇಳಿಯುತ್ತಾರೆ. ಅದಕ್ಕೆ ಒನಿಗಿರಿ ಫಲಕ ಇಲ್ಲ. ಆದರೆ ಹೆದ್ದಾರಿಗಿಂತ ಅಗಲವಾಗಿದೆ.