ರೋಗದ ದಿನಗಳಲ್ಲಿ ಗಣಿತದ ಕಪಾಟು

ಉಡುಪಿಯ ಶಿಕ್ಷಕ ಬಂಧುಗಳೇ,

ಊರಲ್ಲಿ ರೋಗ ಹಬ್ಬಿತೆಂದರೆ ಶಾಲೆಯಲ್ಲಿ ಮೊದಲು ಬೀಗ ಬೀಳುವುದು ಗಣಿತ ಸಾಮಗ್ರಿಯ ಕಪಾಟಿಗೆ. ಆದರೆ ಎರಡನೇ ತರಗತಿಯ ಮಗುವಿಗೆ ‘ಹತ್ತು’ ಮನಸ್ಸಿಗಿಳಿಯುವುದು ಕಡ್ಡಿಯ ಕಟ್ಟು ಕೈಗೆ ಬಂದಾಗ. ಬೋರ್ಡಿನಲ್ಲಿ ಬರೆದು ತೋರಿಸಿದರೆ ಆ ನಷ್ಟ ತುಂಬುವುದಿಲ್ಲ. ಕಪಾಟು ತೆರೆದೇ ಇರಲಿ, ಬಳಸುವ ಕ್ರಮ ಬದಲಾಗಲಿ.

ರೋಗ ಯಾವುದೆಂದು ಮೊದಲು ನೋಡಬೇಕು. ಕೊರೋನಾ ವೈರಸ್ ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯವರೆಗೂ ಪತ್ತೆಯಾಗುತ್ತದೆಂಬ 2020ರ ಪ್ರಯೋಗ ಎಲ್ಲರನ್ನೂ ಹೆದರಿಸಿತು. ಆದರೆ ಅದು ಮುಖ್ಯವಾಗಿ ಹರಡಿದ್ದು ಗಾಳಿಯಲ್ಲಿ. ಕಿಟಕಿ ಮುಚ್ಚಿಟ್ಟು ಮಣಿ ತೊಳೆಯುತ್ತ ಕೂತರೆ ಫಲವಿಲ್ಲ. ಕೈ-ಕಾಲು-ಬಾಯಿ ರೋಗ, ನೋರೋವೈರಸ್‌ನ ವಾಂತಿಭೇದಿ ಹಾಗಲ್ಲ. ಕೈಯಿಂದ ದಾಳಕ್ಕೆ, ದಾಳದಿಂದ ಇನ್ನೊಂದು ಬಾಯಿಗೆ ದಾಟುತ್ತವೆ. ಇವುಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಚಟುವಟಿಕೆಗೆ ಮೊದಲೂ ಆಮೇಲೂ 20 ಸೆಕೆಂಡು ಸಾಬೂನಿನಲ್ಲಿ ಕೈ ತೊಳೆಸಿ.

ಎಣಿಸುವ ಚಿಕ್ಕ ವಸ್ತುಗಳನ್ನು ಹಂಚಿಕೊಳ್ಳುವ ಅಗತ್ಯವೇ ಇಲ್ಲ. ಮಗುವಿಗೊಂದು ಜಿಪ್ ಕವರ್, ಮೇಲೆ ಹೆಸರು, ಒಳಗೆ 18 ಹುಣಸೆಬೀಜ ಮತ್ತು ಹತ್ತರ 9 ಪಟ್ಟಿ. ಹಳೆಯ ಮದುವೆ ಕಾಗದದ ರಟ್ಟಿನಲ್ಲಿ ಹತ್ತು ಚೌಕ ಎಳೆದು ಕತ್ತರಿಸಿದರೆ ಪಟ್ಟಿಯಾಯಿತು. ಬೀಜ 18 ಯಾಕೆ? ಮೊತ್ತ 99 ದಾಟದ ಕೂಡುವ ಲೆಕ್ಕದಲ್ಲಿ ಬಿಡಿ ಸ್ಥಾನಕ್ಕೆ ಹೆಚ್ಚೆಂದರೆ 9ಕ್ಕೆ 9 ಬರುತ್ತದೆ. ದಶಕ ಬಿಡಿಸಿ ಕಳೆಯುವಾಗಲೂ 8ರ ಜೊತೆ 10 ಸೇರಿ 18 ಅಷ್ಟೇ. ಗುಲಗಂಜಿ ಮಾತ್ರ ಬೇಡವೇ ಬೇಡ, ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ.

ಚೆನ್ನೆಮಣೆಯನ್ನು ಹೀಗೆ ಬೇರೆ ಮಾಡಲಾಗದು. 14 ಗುಳಿ, ಗುಳಿಗೆ 4ರಂತೆ 56 ಕಾಯಿ, ಇಬ್ಬರ ಕೈಯೂ ಎಲ್ಲದಕ್ಕೂ ತಾಗುತ್ತದೆ. ವಾರವಿಡೀ ಅದೇ ಜೋಡಿ ಆಡಲಿ. ಮರದ ಮಣೆಯನ್ನು ನೀರಿಗೆ ಹಾಕದೆ ಸಾಬೂನುಬಟ್ಟೆಯಲ್ಲಿ ಒರಸಿ, ಕೂಡಲೇ ಒಣಬಟ್ಟೆ ಆಡಿಸಿ.

ಪ್ಲಾಸ್ಟಿಕ್ ದಾಳ, ಘನಗಳನ್ನು ಈರುಳ್ಳಿ ಬರುವ ಬಲೆಚೀಲಕ್ಕೆ ತುಂಬಿ ಸಾಬೂನುನೀರಲ್ಲಿ ಉಜ್ಜಿ ತೊಳೆಯಿರಿ. ಈ ಹಂತ ಬಿಟ್ಟರೆ ಕ್ಲೋರಿನ್ ಕೊಳೆಯ ಮೇಲೇ ಖರ್ಚಾಗಿಹೋಗುತ್ತದೆ. ಆಮೇಲೆ ಶೇ. 5ರ ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ದ್ರವ ಬ್ಲೀಚ್) 20 ಮಿ.ಲೀ., ತಣ್ಣೀರು 980 ಮಿ.ಲೀ.; ಇದರಲ್ಲಿ 10 ನಿಮಿಷ ಮುಳುಗಿಸಿ, ಎರಡು ಸಲ ಜಾಲಿಸಿ. ದ್ರಾವಣ ಅಂದಂದಿನದು ಅಂದಂದಿಗೇ. ಬಾವಿಗೆ ಹಾಕಿ ಉಳಿದ ಬ್ಲೀಚಿಂಗ್ ಪುಡಿಯನ್ನು ನಂಬಬೇಡಿ. ನಮ್ಮ ಕರಾವಳಿಯ ತೇವಕ್ಕೆ ಬಾಯಿ ತೆರೆದ ಪೊಟ್ಟಣದಲ್ಲಿ ಕ್ಲೋರಿನ್ ಎಷ್ಟು ಉಳಿದಿದೆಯೆಂದು ತಿಳಿಯುವುದಿಲ್ಲ. ದ್ರವ ಬ್ಲೀಚಾಗಲಿ ಪುಡಿಯಾಗಲಿ, ಟಾಯ್ಲೆಟ್ ಆಸಿಡ್ ಜೊತೆ ಬೆರೆತರೆ ವಿಷಾನಿಲ ಏಳುತ್ತದೆ. ಈ ಕೆಲಸ ದೊಡ್ಡವರದು, ಕೈಗವಸು ಹಾಕಿ, ಹೊರಜಗಲಿಯಲ್ಲಿ.

ಮಳೆಗಾಲದಲ್ಲಿ ಕೆಲಸ ಕೆಡುವುದು ಒಣಗಿಸುವಲ್ಲಿ. ಒಂದಕ್ಕೊಂದು ಸಿಕ್ಕಿಸುವ ಘನಗಳ ತೂತಿನಲ್ಲಿ ನೀರು ನಿಲ್ಲುತ್ತದೆ. ಕೊಡವಿ, ತೂತು ಕೆಳಮುಖವಾಗಿ ಬೈರಾಸಿನ ಮೇಲೆ ಒಂದೇ ಪದರ ಹರಡಿ, ಫ್ಯಾನ್ ಹಾಕಿ, ರಾತ್ರಿಯಿಡೀ ಬಿಡಿ. ಪಸೆ ಇರುವಾಗಲೇ ಡಬ್ಬಿ ಮುಚ್ಚಿದರೆ ವಾರದೊಳಗೆ ಬೂಸ್ಟು. ಮಿಂಚುಪಟ್ಟಿಗಳನ್ನು ಲ್ಯಾಮಿನೇಟ್ ಮಾಡಿಸುವಾಗ ಸುತ್ತ 5 ಮಿ.ಮೀ. ಹಾಳೆ ಬಿಟ್ಟು ಕತ್ತರಿಸಿ. ಕಾಗದದಂಚಿಗೇ ಕತ್ತರಿಸಿದರೆ ಒರಸುವಾಗ ನೀರು ಒಳನುಗ್ಗುತ್ತದೆ.

ಮೂರು ದಿನ ಎತ್ತಿಟ್ಟು ಮತ್ತೆ ಬಳಸುವ ಉಪಾಯ ನೋರೋವೈರಸ್‌ಗೆ ನಡೆಯದು, ಅದು ವಾರಗಟ್ಟಲೆ ಉಳಿಯಬಲ್ಲದು. ವಾಂತಿಯಾದ ಮಗುವಿನ ಬೀಜ, ಪಟ್ಟಿಗಳನ್ನು ಕವರ್ ಸಮೇತ ಎಸೆದುಬಿಡಿ. ಮಗು ಮರಳಿ ಬರುವ ದಿನಕ್ಕೆ ಅದರ ಹೆಸರಿನದೇ ಹೊಸ ಕವರ್ ಬೆಂಚಿನ ಮೇಲಿರಲಿ.