ಚೈತ್ರದಲ್ಲಿ ಇಲ್ಲಿ ಯಾರಿಗೂ ಬಿಡುವಿಲ್ಲ

ಎಲ್ಲರಿಗೂ ನಮಸ್ಕಾರ. ಪುಣೆ ಪೇಟೆಯಿಂದ ನಮ್ಮನ್ನು ನೋಡಲು ಬರುವವರು ಚಹಾ ಮುಗಿಸುವಷ್ಟರಲ್ಲಿ ಕೇಳಿಯೇ ಕೇಳುವ ಮಾತೊಂದಿದೆ: ‘ಇಷ್ಟು ದೂರ, ಬರೀ ವಯಸ್ಸಾದವರೇ ಇರುವ ಕಡೆ, ಹೊತ್ತು ಹೇಗೆ ಹೋಗುತ್ತದೆ ನಿಮಗೆ?’ ಕೇಳುವವರ ದನಿಯಲ್ಲಿ ಮರುಕವಿರುತ್ತದೆ. ಆ ಮರುಕವನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಈ ವರ್ಷ ಫಾಲ್ಗುಣದ ಕೊನೆಯಿಂದ ಅಕ್ಷಯ ತೃತೀಯದವರೆಗೆ ಆಗಾಗ ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನೆಲ್ಲ ಜೋಡಿಸಿದ್ದೇನೆ. ನೋಡಿ, ಆಮೇಲೆ ನೀವೇ ಹೇಳಿ.

ಈಗ ಕಾಣುತ್ತಿರುವುದು ದಿವೆ ಘಾಟ್. ಹಡಪಸರ ದಾಟಿ ಈ ಏರು ಹತ್ತಿದರೆ ಪುರಂದರ ತಾಲ್ಲೂಕಿನ ಬಯಲು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೊರಟಾಗ ಇದೇ ಘಾಟ್ ಹತ್ತಿ ಸಾಸವಡದಲ್ಲಿ ತಂಗುತ್ತದೆ. ಸಾಸವಡದಿಂದ ತುಸು ಒಳಗೆ, ಅಂಜೂರದ ತೋಟಗಳ ಮಗ್ಗುಲಲ್ಲಿ ನಮ್ಮ ವಸತಿ. ಸಾಲು ಮನೆಗಳು, ಎಲ್ಲವೂ ನೆಲದ ಮಟ್ಟದಲ್ಲಿ. ಮೆಟ್ಟಿಲಿಲ್ಲ, ಇಳಿಜಾರು ಇದೆ. ಗಾಲಿಕುರ್ಚಿ ತಿರುಗುವಷ್ಟು ಅಗಲದ ಬಾಗಿಲು, ಬಚ್ಚಲಲ್ಲಿ ಹಿಡಿಕೆ, ಹಾಸಿಗೆಯ ಪಕ್ಕದಲ್ಲಿ ಕರೆಗಂಟೆ. ಊಟಕ್ಕೆ ದೊಡ್ಡದೊಂದು ಸಭಾಂಗಣ. ಹೆಚ್ಚಿನವರು ಮರಾಠಿ ಮಾತಾಡುವವರು. ಕನ್ನಡದ ಮನೆಗಳು ಬೆರಳೆಣಿಕೆಯವು: ಧಾರವಾಡ ಕಡೆಯ ನಾವು, ವಿಜಯಪುರದ ಅಕ್ಕ, ಬೆಳಗಾವಿಯ ಕಾಕಾ ಮತ್ತು ಕಾಕು, ಮತ್ತೆ ಪುಣೆಯಲ್ಲಿ ಆಯುಷ್ಯವೆಲ್ಲ ಹೋಟೆಲ್ ನಡೆಸಿ ಬಂದ ಕುಂದಾಪುರದ ಅಣ್ಣ. ಮರಾಠಿಯವರೂ ಅವರನ್ನು ಅಣ್ಣಾ ಎಂದೇ ಕರೆಯುತ್ತಾರೆ.

ಬೆಳಗಿನ ನಡಿಗೆಯ ದಾರಿ ಇದು. ಎದುರಿಗೆ ಪುರಂದರ ಕೋಟೆ, ಅದರ ಜೊತೆಗೇ ವಜ್ರಗಡ. ಸಂಭಾಜಿ ಮಹಾರಾಜರು 1657ರಲ್ಲಿ ಹುಟ್ಟಿದ್ದು ಆ ಕೋಟೆಯಲ್ಲೇ. ಬೇಲಿಯಂಚಿನ ಮುತ್ತುಗದ ಮರದಲ್ಲಿ ಒಂದು ಎಲೆಯೂ ಇಲ್ಲ, ಕೊಂಬೆ ತುಂಬ ಕೇಸರಿ ಹೂ. ಪಕ್ಕದ ಕೆಂಪು ಬೂರುಗ ಹೂ ಉದುರಿಸಲು ತೊಡಗಿದೆ. ದಪ್ಪ ಎಸಳಿನ ಆ ಹೂ ನೆಲಕ್ಕೆ ಬಿದ್ದರೆ ಸದ್ದು ಕೇಳುತ್ತದೆ. ಈಗ ಬಂದ ಗದ್ದಲ ಗುಲಾಬಿ ಕಬ್ಬಕ್ಕಿಗಳದು. ಚಳಿಗಾಲಕ್ಕೆ ನಮ್ಮ ದೇಶಕ್ಕೆ ಬರುವ ಈ ಹಕ್ಕಿಗಳು ಮರಿ ಮಾಡುವುದು ಮಧ್ಯ ಏಷ್ಯಾದ ಬಯಲುಗಳಲ್ಲಿ. ಹೊರಡುವ ಮೊದಲು ಮುತ್ತುಗ, ಬೂರುಗದ ಹೂಗಳಲ್ಲಿ ಮಕರಂದ ಕುಡಿದು ಮೈ ತುಂಬಿಸಿಕೊಳ್ಳುತ್ತವೆ. ಬೆಳಗಾವಿ ಕಾಕಾ ಅವರಿಗೆ ಕಣ್ಣು ಮಂದವಾಗಿದೆ, ಕಿವಿ ಮಾತ್ರ ಹರಿತ. ಬೆಂಚಿನ ಮೇಲೆ ಕುಳಿತು ಗದ್ದಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳಿಸಿಕೊಂಡು, ಕಾಕು ಕೈಯಿಂದ ಪಂಚಾಂಗದ ಅಂಚಿನಲ್ಲಿ ಬರೆಸುತ್ತಾರೆ. ಏಪ್ರಿಲ್ ನಡುವೆ ಒಂದು ದಿನ ಮರ ಸುಮ್ಮನಾಗುತ್ತದೆ. ‘ಹೋದವು ನೋಡು’ ಎನ್ನುತ್ತಾರೆ ಕಾಕಾ. ಅಂದಿನಿಂದ ಕೋಗಿಲೆಯದೇ ರಾಜ್ಯ.

ಈಗ ನಿಜವಾದ ಕೆಲಸಕ್ಕೆ ಬರೋಣ. ಚೈತ್ರದ ಬಿಸಿಲು ಏರುವ ಮೊದಲೇ ವರ್ಷದ ಹಪ್ಪಳ, ಸಂಡಿಗೆ, ಶಾವಿಗೆ, ಬಾಳಕ ಎಲ್ಲ ಒಣಗಿ ಡಬ್ಬಿ ಸೇರಬೇಕು. ಅದರಲ್ಲಿ ಕಠಿಣವಾದದ್ದು ಗೋಧಿ ಹಾಲಿನ ಸಂಡಿಗೆ, ಇಲ್ಲಿಯವರ ಕುರ್ಡಯಿ. ಗೋಧಿಯನ್ನು ಮೂರು ದಿನ ನೆನೆಹಾಕಬೇಕು, ದಿನವೂ ನೀರು ಬದಲಿಸಬೇಕು. ಮೂರನೆಯ ದಿನ ಕಾಳನ್ನು ಹಿಚುಕಿದರೆ ಬಿಳಿ ಹಾಲು ಚಿಮ್ಮುತ್ತದೆ, ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ರುಬ್ಬಿ, ಹಿಂಡಿ, ಸೋಸಿ, ರಾತ್ರಿಯಿಡೀ ಅಲುಗಿಸದೆ ಇಡುತ್ತೇವೆ. ಬೆಳಗಿಗೆ ಮೇಲೆ ತಿಳಿ ನೀರು, ತಳದಲ್ಲಿ ಗಟ್ಟಿ ಹಾಲು. ತಿಳಿಯನ್ನು ಬಸಿಯುವುದೇ ಒಂದು ಕಲೆ. ಪಾತ್ರೆ ಒಂದಿಷ್ಟು ಜೋರಾಗಿ ಬಾಗಿದರೂ ತಳದ್ದು ಎದ್ದುಬಿಡುತ್ತದೆ.

ಬೆಳಗಿನ ಐದೂವರೆ. ಅಡುಗೆಮನೆಯ ಹಿಂದಿನ ಅಂಗಳ. ದೊಡ್ಡ ಪಾತ್ರೆಯಲ್ಲಿ ಉಪ್ಪು, ಇಂಗು ಹಾಕಿದ ನೀರು ಕುದಿಯುತ್ತಿದೆ. ಕಾಕು ಸಣ್ಣ ಧಾರೆಯಾಗಿ ಗೋಧಿ ಹಾಲು ಸುರಿಯುತ್ತಿದ್ದಾರೆ, ಅಣ್ಣ ಮರದ ಉದ್ದ ಹುಟ್ಟಿನಿಂದ ತಿರುವುತ್ತಿದ್ದಾರೆ. ಅವರ ಭುಜ ನೋಡಿ. ಒಂದು ಕ್ಷಣ ಕೈ ನಿಲ್ಲಿಸಿದರೂ ಗಂಟು ಕಟ್ಟುತ್ತದೆ. ಮೊದಲು ಹಾಲಿನಂತಿದ್ದದ್ದು ಗಂಜಿಯಾಗಿ, ಗಂಜಿ ಮುದ್ದೆಯಾಗಿ, ಕೊನೆಗೆ ಗಾಜಿನಂತೆ ಹೊಳೆಯುತ್ತದೆ. ಬೆಂದಿತೋ ಇಲ್ಲವೋ ಹೇಳುವವರು ವಿಜಯಪುರದ ಅಕ್ಕ. ಕಂಪವಾತದಿಂದ ಅವರ ಕೈ ನಡುಗುತ್ತದೆ, ತುಂಬಿದ ಲೋಟ ಹಿಡಿಯಲಾಗುವುದಿಲ್ಲ. ಆದರೆ ಅಣ್ಣ ಹುಟ್ಟನ್ನು ಅವರ ಮುಂದೆ ಚಾಚಿ ‘ನೋಡಿ ಅಕ್ಕಾ’ ಎಂದಾಗ, ನೀರಲ್ಲಿ ಅದ್ದಿದ ಬೆರಳನ್ನು ಹಿಟ್ಟಿಗೆ ತಾಗಿಸಿ ‘ಇನ್ನೊಂದು ಉಸುರು ಬೇಯಲಿ’ ಎನ್ನುತ್ತಾರೆ. ಅಂಟದಿದ್ದರೆ ಬೆಂದಿದೆ ಎಂದು ಅರ್ಥ. ಅವರು ತಲೆಯಾಡಿಸುವವರೆಗೆ ಒಲೆ ಆರಿಸುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ.

ಬಿಸಿಯಿರುವಾಗಲೇ ಒತ್ತಬೇಕು. ಈ ಹಿತ್ತಾಳೆಯ ಒರಳನ್ನು ಹತ್ತಿರದಿಂದ ತೋರಿಸುತ್ತೇನೆ. ಹಿಡಿಯ ಕಡೆ ಸವೆದು ಬಿಳಿಚಿದೆ. ಇದು ಮೂಲೆಮನೆಯ ಮರಾಠಿ ಆಜಿಯವರದು. ಮಾಘದಲ್ಲಿ ಅವರು ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಮಗಳು ಪಾತ್ರೆಗಳನ್ನೆಲ್ಲ ಕಟ್ಟಿಸಿದಳು, ಒರಳನ್ನು ಮಾತ್ರ ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದಳು. ‘ಮಾವಶಿ, ಇದು ಇಲ್ಲೇ ಇರಲಿ’ ಎಂದಳು. ಈ ವರ್ಷದ ಮೊದಲ ಸಂಡಿಗೆ ಅದರಲ್ಲೇ ಒತ್ತಿದೆವು. ಮೊದಲ ಡಬ್ಬಿ ಆ ಮಗಳಿಗೇ ಹೋಯಿತು.

ಬಿಳಿ ಬಟ್ಟೆಯ ಮೇಲೆ ಸುತ್ತು ಸುತ್ತಾಗಿ ಬೀಳುತ್ತಿದೆ ನೋಡಿ, ಎಷ್ಟು ಚೆಂದ! ಒತ್ತುವುದಕ್ಕೆ ಒಬ್ಬರ ತೋಳು ಸಾಲದು, ಮೂರು ಮೂರು ಒತ್ತಿಗೆ ಕೈ ಬದಲಿಸುತ್ತೇವೆ. ಪಾತ್ರೆಯ ತಳದಲ್ಲಿ ಉಳಿದ ಬಿಸಿ ಹಿಟ್ಟಿಗೆ ತುಪ್ಪ, ಸಕ್ಕರೆ ಹಾಕಿ ಬಟ್ಟಲಿಗಿಷ್ಟು ಹಂಚುತ್ತೇವೆ. ಮಧುಮೇಹ ಇರುವವರಿಗೆ ಸಕ್ಕರೆಯಿಲ್ಲದ ಬಟ್ಟಲು, ಅದರ ಮೇಲೆ ಹೆಸರು ಅಂಟಿಸಿರುತ್ತದೆ. ಕಾಗೆ, ಅಳಿಲು ಕಾಯುವ ಹೊಣೆ ನಮ್ಮ ಯಜಮಾನರದು. ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಪಾಳಿ ದುಡಿದವರಿಗೆ ಕಾವಲು ಹೇಳಿಕೊಡಬೇಕಾಗಿಲ್ಲ. ಒಂಬತ್ತು ಗಂಟೆಗೆ ಎಲ್ಲರೂ ಬಿಸಿಲಿನಿಂದ ಒಳಗೆ ಬರಲೇಬೇಕು. ಸೇನೆಯಿಂದ ನಿವೃತ್ತರಾದ ಒಬ್ಬ ಕಾಕಾ ಸೀಟಿ ಊದುತ್ತಾರೆ, ಆ ಸೀಟಿಯನ್ನು ಮೀರುವಂತಿಲ್ಲ.

ಅದಕ್ಕೆ ಕಾರಣವಿದೆ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಮೈಗೆ ನೀರು ಬೇಕಿದ್ದರೂ ಗಂಟಲು ಕೇಳುವುದಿಲ್ಲ. ರಕ್ತದೊತ್ತಡಕ್ಕೆಂದು ನೀರು ಇಳಿಸುವ ಮಾತ್ರೆ ನುಂಗುವವರಿಗಂತೂ ಬೇಸಗೆ ಬಹಳ ಅಪಾಯ. ಹಾಗಾಗಿ ಮಾರ್ಚ್ ಹಿಡಿದ ಮೇಲೆ ಹನ್ನೊಂದಕ್ಕೆ ಗಂಟೆ ಬಾರಿಸಿ ಎಲ್ಲರಿಗೂ ಮಜ್ಜಿಗೆ ಕೊಡುತ್ತಾರೆ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಹೇಳಿದ ಅಳತೆಯಷ್ಟೇ. ನೀವೂ ನಿಮ್ಮ ಮನೆಯ ಹಿರಿಯರನ್ನು ‘ನೀರು ಬೇಕೇ’ ಎಂದು ಕೇಳಬೇಡಿ, ತಂದು ಕೈಗೆ ಕೊಡಿ. ‘ಬೇಕೇ’ ಎಂದರೆ ‘ಬೇಡ’ ಎಂದೇ ಉತ್ತರ ಬರುತ್ತದೆ.

ಯುಗಾದಿಯ ಬೆಳಗು. ಮರಾಠಿಯವರು ಈ ದಿನ ಮನೆಯ ಮುಂದೆ ಕೋಲಿಗೆ ಬಟ್ಟೆ ಕಟ್ಟಿ ಏರಿಸುವುದನ್ನು ಗುಡಿ ಎನ್ನುತ್ತಾರೆ. ಆ ಗುಡಿಗಳು ಇಲ್ಲಿ ತಗ್ಗಿನಲ್ಲಿ ನಿಲ್ಲುತ್ತವೆ. ಮಾಳಿಗೆಯಿಲ್ಲ, ಕಿಟಕಿ ಹತ್ತುವ ವಯಸ್ಸೂ ಅಲ್ಲ. ಬಿದಿರಿನ ಕೋಲನ್ನು ಇಳಿಜಾರಿನ ಉಕ್ಕಿನ ಹಿಡಿಕೆಗೇ ಕಟ್ಟುತ್ತಾರೆ, ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೂ ಕುಂಕುಮ ಹಚ್ಚಲು ಎಟುಕುತ್ತದೆ. ನಾವೂ ಒಂದು ಗುಡಿ ಏರಿಸುತ್ತೇವೆ, ಅದಕ್ಕೆ ಗುಳೇದಗುಡ್ಡದ ಖಣ. ಮೇಲೆ ಬೋರಲು ಹಾಕಿದ ತಾಮ್ರದ ತಂಬಿಗೆ, ಬೇವಿನ ಚಿಗುರು, ಮಾವಿನೆಲೆ, ಸಕ್ಕರೆಯ ಸರ. ಸೂರ್ಯ ಮುಳುಗುವ ಮೊದಲು ಇಳಿಸಬೇಕು. ಬೇವು ಎರಡು ಬಗೆ. ಮರಾಠಿಯವರದು ಬೇವಿನ ಹೂ, ಬೆಲ್ಲ, ನೆನೆಸಿದ ಕಡಲೆಬೇಳೆ, ಓಮ, ಇಂಗು ಸೇರಿಸಿ ಕುಟ್ಟಿದ್ದು. ವಿಜಯಪುರದ ಅಕ್ಕ ಹೇಳಿ ಮಾಡಿಸುವುದು ಕುಡಿಯುವ ಬೇವು: ಬೆಲ್ಲದ ನೀರು, ಹುಣಸೆ, ಪುಟಾಣಿ ಹಿಟ್ಟು, ಕೊಬ್ಬರಿ, ದ್ರಾಕ್ಷಿ, ಮೇಲೆ ಬೇವಿನ ಹೂ. ಈಗ ಮರಾಠಿ ಮನೆಗಳಿಂದಲೂ ಲೋಟ ಹಿಡಿದು ಬರುತ್ತಾರೆ. ಊಟಕ್ಕೆ ಅವರ ಶ್ರೀಖಂಡ, ನಮ್ಮ ಹೋಳಿಗೆ.

ಆಮೇಲೆ ಚೈತ್ರಗೌರಿ. ತೃತೀಯದಿಂದ ಅಕ್ಷಯ ತೃತೀಯದವರೆಗೆ ಒಂದೊಂದು ಸಂಜೆ ಒಂದೊಂದು ಮನೆಯಲ್ಲಿ ಅರಿಶಿನ ಕುಂಕುಮ. ಮಾವಿನಕಾಯಿ ತುರಿದು ಹಾಕಿದ ಕಡಲೆಬೇಳೆಯ ಕೋಸಂಬರಿ, ಬೇಯಿಸಿದ ಮಾವಿನಕಾಯಿಯ ಪಾನಕ. ಇಲ್ಲಿ ಗಂಡನನ್ನು ಕಳೆದುಕೊಂಡವರೇ ಹೆಚ್ಚು. ಊರಲ್ಲಿ ಇಂಥ ದಿನ ಒಳಕೋಣೆಯಲ್ಲಿ ಉಳಿದುಬಿಡುತ್ತಿದ್ದ ಹೆಂಗಸರು ಅವರು. ಬೆಳಗಾವಿ ಕಾಕು ಬಂದ ವರ್ಷವೇ ಖಡಾಖಂಡಿತವಾಗಿ ಹೇಳಿದರು: ಕುಂಕುಮ ಎಲ್ಲರ ಹಣೆಗೂ, ಇಲ್ಲವಾದರೆ ಯಾರ ಹಣೆಗೂ ಬೇಡ. ಈ ಮಾತಿಗಾಗಿ ಕಾಕು ಮೇಲೆ ನನಗೆ ಅಪಾರ ಗೌರವ. ಈಗ ಕಾಣುತ್ತಿರುವ ಸಾಲಿನಲ್ಲಿ ಯಾರು ಯಾರೆಂದು ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂದೇ ನಮ್ಮ ಆಸೆ.

ಏಪ್ರಿಲ್ ಮೊದಲ ವಾರ ಬ್ಯಾಂಕಿನ ಕೆಲಸ. 2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ದಾಟದಿದ್ದರೆ ಮೂಲದಲ್ಲಿ ತೆರಿಗೆ ಮುರಿಯುವುದಿಲ್ಲ, ಮೊದಲು ಆ ಮಿತಿ 50 ಸಾವಿರವಿತ್ತು. ಆದರೂ ಕಾಗದಪತ್ರ ನೋಡಿಸಿಕೊಳ್ಳಲು ನಮ್ಮ ಯಜಮಾನರ ಮುಂದೆ ಸಾಲು ನಿಲ್ಲುತ್ತದೆ. ಕನ್ನಡಕ ಮೂಗಿನ ತುದಿಗೆ ಬಂದಿದೆ, ಸಿಟ್ಟಿಲ್ಲದೆ ಒಂದೇ ವಿಷಯವನ್ನು ಹತ್ತು ಸಲ ಹೇಳುತ್ತಿದ್ದಾರೆ.

ಇನ್ನು ಅಂಜೂರ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇಲ್ಲಿ ವರ್ಷಕ್ಕೆ ಎರಡು ಫಸಲು: ಖಟ್ಟಾ ಬಹಾರ್, ಮೀಠಾ ಬಹಾರ್. ಬೇಸಗೆಯ ಈ ಮೀಠಾ ಬಹಾರ್ ಹಣ್ಣೇ ಸಿಹಿ. ಕಿತ್ತ ಮೇಲೆ ಅಂಜೂರ ಮಾಗುವುದಿಲ್ಲ, ಗಿಡದಲ್ಲೇ ಹಣ್ಣಾಗಬೇಕು. ಹಣ್ಣಾದದ್ದು ಎರಡು ಮೂರು ದಿನ ತಡೆದರೆ ಹೆಚ್ಚು. ಆದ್ದರಿಂದ ಬೆಳಕು ಹರಿಯುವ ಮೊದಲೇ ಕೊಯ್ಲು. ತೊಟ್ಟಿನಿಂದ ಒಸರುವ ಹಾಲು ಚರ್ಮ ತುರಿಸುವಂತೆ ಮಾಡುವುದರಿಂದ ಕೈಗವಸು ಬೇಕು. ಪಕ್ಕದ ತೋಟದ ರೈತರ ಕುಟುಂಬ ಪೆಟ್ಟಿಗೆ ತುಂಬುವಾಗ ನಮ್ಮಲ್ಲಿ ಕೈಲಾಗುವವರು ಹೋಗಿ, ನೆರಳಲ್ಲಿ ಕುಳಿತು, ಹಣ್ಣು ಆರಿಸಿಕೊಡುತ್ತೇವೆ. ಒಡೆದದ್ದು ಒಂದು ಕಡೆ, ಬಿಗಿಯಾಗಿರುವುದು ಇನ್ನೊಂದು ಕಡೆ. ಕರ್ಹಾ ನದಿ ಆಗಲೇ ಒಣಗಿದೆ. ಇದು ಮಳೆ ನೆರಳಿನ ಸೀಮೆ, ತೋಟಗಳು ಹನಿ ನೀರಾವರಿಯಲ್ಲಿ ಉಸಿರು ಹಿಡಿದಿವೆ. ನಾವು ಅಕ್ಕಿ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ಅಷ್ಟೂ ಕರಿಬೇವಿನ ಗಿಡಕ್ಕೆ.

ಚೈತ್ರ ಹುಣ್ಣಿಮೆಗೆ ಜೇಜೂರಿಯ ಖಂಡೋಬನ ಜಾತ್ರೆ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಅಷ್ಟು ಜನರ ನಡುವೆ ನಮ್ಮವರು ಹೋಗುವುದು ಬೇಡವೆಂದು ಎರಡು ದಿನ ಮೊದಲೇ ಹೋಗಿಬಂದೆವು, ಮಹಾರಾಷ್ಟ್ರ ಸಾರಿಗೆಯ ಎಸ್‌ಟಿ ಬಸ್ಸಿನಲ್ಲಿ. 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಪ್ರಯಾಣ ಉಚಿತ, 2023ರ ಮಾರ್ಚ್‌ನಿಂದ ಹೆಂಗಸರಿಗೆಲ್ಲ ಅರ್ಧ ದರ. ಮೆಟ್ಟಿಲು ಹತ್ತಲಾರದವರು ಕೆಳಗೇ ಕುಳಿತು ಭಂಡಾರ ಹಚ್ಚಿಕೊಂಡರು. ಗುಂಪೊಂದು ‘ಯಳಕೋಟ ಯಳಕೋಟ’ ಎಂದು ಕೂಗಿದಾಗ, ಮೈಲಾರಲಿಂಗನ ಒಕ್ಕಲಿನ ವಿಜಯಪುರದ ಅಕ್ಕ ತಾವೂ ‘ಏಳುಕೋಟಿ’ ಎಂದು ದನಿ ಎತ್ತಿದರು. ಅಷ್ಟು ದೊಡ್ಡ ದನಿ ಅವರಲ್ಲಿದೆ ಎಂದು ನನಗೆ ಅಂದೇ ತಿಳಿದದ್ದು.

ಏಪ್ರಿಲ್ ನಡುವೆ ಅಣ್ಣನ ಸರದಿ. ಕರಾವಳಿಯವರಿಗೆ ಸೌರಮಾನ ಯುಗಾದಿ. ನಸುಕಿನಲ್ಲಿ ಎದ್ದು ಮೊದಲು ನೋಡಬೇಕಾದದ್ದು ಕಣಿ: ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹೂ, ಚಿನ್ನ, ನಡುವೆ ಕನ್ನಡಿ. ಹಾಸಿಗೆ ಬಿಟ್ಟು ಏಳಲಾಗದವರು ಏನು ಮಾಡಬೇಕು? ಊಟದ ಸಭಾಂಗಣದಲ್ಲಿ ತಟ್ಟೆ ಸಾಗಿಸುವ ಗಾಲಿಬಂಡಿಯಿದೆಯಲ್ಲ, ಅಣ್ಣ ಅದನ್ನು ತೊಳೆದು, ಬಾಳೆಲೆ ಹಾಸಿ, ಅದರ ಮೇಲೆ ಕಣಿ ಇಟ್ಟರು. ಕತ್ತಲಿರುವಾಗಲೇ ಮನೆ ಮನೆಗೂ ತಳ್ಳಿಕೊಂಡು ಹೋಗಿ, ಹಾಸಿಗೆಯ ಬದಿಗೆ ನಿಲ್ಲಿಸಿ, ‘ಕಣ್ಣು ಬಿಡಿ, ಕಣಿ ಬಂದಿದೆ’ ಎಂದರು. ಮಲಗಿದ್ದವರಲ್ಲಿ ಹೆಚ್ಚಿನವರು ಮರಾಠಿಯವರು. ಒಬ್ಬ ಆಜೋಬಾ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಕೂದಲು ಸರಿಮಾಡಿಕೊಂಡು, ಅಣ್ಣನಿಗೆ ಕೈಮುಗಿದರು. ಅದನ್ನು ಚಿತ್ರೀಕರಿಸಲಿಲ್ಲ. ಅವರ ಕೋಣೆಯೊಳಗೆ ಮೊಬೈಲ್ ಹಿಡಿದು ಹೋಗಲು ನನಗೆ ಮನಸ್ಸಾಗಲಿಲ್ಲ.

ಬರಬೇಕೆಂದುಕೊಂಡವರು ಖಂಡಿತ ಬನ್ನಿ. ಸ್ವಾರ್‌ಗೇಟ್‌ನಿಂದ ಸಾಸವಡಕ್ಕೆ ಬಸ್ಸು ಸಿಗುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಲ್ಲರೂ ಮಲಗಿರುತ್ತಾರೆ, ಆ ಹೊತ್ತು ತಪ್ಪಿಸಿ. ಸಿಹಿ ತರಬೇಡಿ, ತಿನ್ನುವಂತಿಲ್ಲದವರೇ ಹೆಚ್ಚು. ಕನ್ನಡ ಪತ್ರಿಕೆಗಳನ್ನು ತನ್ನಿ, ತಿಂಗಳು ಹಳೆಯದಾದರೂ ಸರಿ. ಬೆಳಗಾವಿ ಕಾಕಾ ಅವರಿಗೆ ಓದಿ ಹೇಳಲು ನನ್ನ ಬಳಿ ಇರುವುದೆಲ್ಲ ಮುಗಿದಿದೆ. ಬೆಳಗಿನ ಆರು ಗಂಟೆಗೆ ಬರುವವರಾದರೆ ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಶಾವಿಗೆ ಇನ್ನೂ ಬಾಕಿಯಿದೆ, ಒರಳು ತಿರುವುವುದಕ್ಕೆ ಗಟ್ಟಿ ತೋಳುಗಳು ಬೇಕು.