ಸೂಜಿ ಕಾಣುತ್ತೆ, ಸರಿ. ಎಷ್ಟು ಎಂಎಲ್?

ನಮಸ್ಕಾರ, ಮಾಟುಂಗಾದಿಂದ ನಿಮ್ಮ ಅರಿವಳಿಕೆ ಡಾಕ್ಟ್ರು. ಇವತ್ತಿಗೆ ಬೇರೆ ವಿಷಯ ಇಟ್ಕೊಂಡಿದ್ದೆ, ನರದ ಪಕ್ಕ ಮದ್ದು ಚುಚ್ಚಿ ಆ ಭಾಗ ಮರಗಟ್ಟಿಸೋ "ಬ್ಲಾಕ್" ಬಗ್ಗೆ ಬಂದ ಒಂದು ಕಾಮೆಂಟ್ ನೋಡಿ ಅದನ್ನ ಪಕ್ಕಕ್ಕಿಟ್ಟೆ. "ಸಾರ್, ಈಗ ಅಲ್ಟ್ರಾಸೌಂಡ್‌ನಲ್ಲಿ ಸೂಜಿ ಕಣ್ಣಿಗೇ ಕಾಣುತ್ತೆ. ಇನ್ನೂ ಡೋಸು ಡೋಸು ಅಂತೀರಲ್ಲ, ಹಳೇ ಕಾಲದೋರು."

ಹಳೇ ಕಾಲದೋನೇ ಅಂತ ಇಟ್ಕೊಳ್ಳಿ. ಸೂಜಿ ಕಾಣ್ತು. ಎಷ್ಟು ಎಂಎಲ್ ಬಿಟ್ರಿ?

ಭುಜದ ಆಪರೇಷನ್ನಿಗೆ ಕುತ್ತಿಗೆಯಲ್ಲಿ ಒಂದು ಬ್ಲಾಕ್ ಕೊಡ್ತೀವಿ, ಹೆಸರು ಇಂಟರ್‌ಸ್ಕೇಲೀನ್. ಅಲ್ಲೇ ಪಕ್ಕದಲ್ಲಿ ಫ್ರೆನಿಕ್ ನರ ಇಳಿದು ಹೋಗುತ್ತೆ. ಉಸಿರಾಟದ ವಪೆಯನ್ನ, ಅಂದ್ರೆ ಡಯಾಫ್ರಮ್ಮನ್ನ, ಆಡಿಸೋದು ಅದೇ. ಮದ್ದು ಅಲ್ಲಿಗೆ ಹರಿದರೆ ಆ ಕಡೆಯ ವಪೆ ಮಲಗುತ್ತೆ. 2008ರ ಒಂದು ಅಧ್ಯಯನ, ಅಲ್ಟ್ರಾಸೌಂಡ್ ನೋಡ್ಕೊಂಡೇ ಕೊಟ್ಟದ್ದು: ಮರಗಟ್ಟಿಸೋ ಮದ್ದು ರೋಪಿವಕೇನ್ 20 ಎಂಎಲ್ ತಗೊಂಡವರಲ್ಲಿ ಎಲ್ಲರಿಗೂ ವಪೆ ಮಲಗ್ತು. 5 ಎಂಎಲ್ ತಗೊಂಡವರಲ್ಲಿ ನೂರಕ್ಕೆ 45. ನೋವಿನಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ! ಸ್ಕ್ರೀನ್ ಅದೇ, ಸೂಜಿ ಅದೇ. ಬದಲಾದದ್ದು ಎಂಎಲ್.

"ಆರೋಗ್ಯವಂತರು ಒಂದು ಕಡೆ ವಪೆಯಲ್ಲೇ ಸುಧಾರಿಸ್ಕೊಳ್ತಾರೆ" ಅಂತಾರೆ ಕೆಲವರು. ಸುಧಾರಿಸ್ಕೊಳ್ತಾರೆ. ಭುಜ ಮುರ್ಕೊಂಡು ಬರೋರೆಲ್ಲ ಪೈಲ್ವಾನರಾ ಸ್ವಾಮಿ? ಡೊಂಬಿವಲಿಯ ಮೆಟ್ಟಿಲಲ್ಲಿ ಜಾರಿದ, ಜೀವನವೆಲ್ಲ ಬೀಡಿ ಸೇದಿದ ಅಜ್ಜನ ಶ್ವಾಸಕೋಶದಲ್ಲಿ ಕಾಲುಭಾಗ ಸಾಮರ್ಥ್ಯ ಕಿತ್ಕೊಂಡ್ರೆ ಏನಾಗುತ್ತೆ, ಅವರ ಸೊಸೆಗೆ ನೀವೇ ಹೇಳಿ.

ಇನ್ನು ವಿಷದ ಲೆಕ್ಕ. ಇಂಥದ್ದೇ ಇನ್ನೊಂದು ಮದ್ದು ಬುಪಿವಕೇನ್, 0.5% ಅಂದ್ರೆ ಒಂದು ಎಂಎಲ್‌ನಲ್ಲಿ 5 ಮಿಲಿಗ್ರಾಂ. ಕೆಜಿಗೆ 2 ಮಿಲಿಗ್ರಾಂ ಹಿಡಿದರೆ 50 ಕೆಜಿಯ ಅಕ್ಕನಿಗೆ 100, ಅಂದ್ರೆ 20 ಎಂಎಲ್‌ಗೆ ಮಿತಿ ಮುಗೀತು. ಆಮೇಲೆ ಸರ್ಜನ್ ಸಾಹೇಬ್ರು ಗಾಯದ ಸುತ್ತ ಇನ್ನೊಂದು ಸಿರಿಂಜ್ ಚುಚ್ತಾರಲ್ಲ, ಅದು ಯಾರ ಖಾತೆಗೆ? ಒಂದೇ ಖಾತೆ ಬಾಬಾ, ಒಂದೇ ರಕ್ತ! ಮೀರಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತೆ, ಫಿಟ್ಸ್ ಬರಬಹುದು, ಹೃದಯವೇ ನಿಲ್ಲಬಹುದು. ಆ ವಿಷಕ್ಕೆ ಮದ್ದಾದ 20% ಲಿಪಿಡ್, ಅಂದ್ರೆ ಕೊಬ್ಬಿನ ದ್ರಾವಣದ ಬಾಟಲಿ, ಥಿಯೇಟರಲ್ಲಿ ಇದೆಯಾ? ಬೀಗ ಹಾಕಿದ ಸ್ಟೋರಲ್ಲಿದ್ರೆ ಅದು ಇಲ್ಲ ಅಂತಲೇ ಲೆಕ್ಕ.

ತಮಾಷೆ ನೋಡಿ, ಭ್ರೂಣಲಿಂಗ ಪತ್ತೆ ತಡೆಯೋ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಿಂದಾಗಿ ಈ ಅಲ್ಟ್ರಾಸೌಂಡ್ ಮಷೀನಿಗೆ ನೋಂದಣಿ ಬೇಕು, ಕಾಗದದ ಮೇಲೆ ಕಾಗದ. ಎಷ್ಟು ಎಂಎಲ್ ಹೋಯ್ತು ಅನ್ನೋದಕ್ಕೆ ಮಾತ್ರ ಕೇಸ್ ಪೇಪರಲ್ಲಿ "ಬ್ಲಾಕ್ ಗಿವನ್". ಮುಗೀತು!

ಸಬ್‌ಸ್ಕ್ರೈಬ್ ಮಾಡದೇ ನೋಡ್ತಿರೋರು, ಹಾಂ, ನಿಮಗೇ ಹೇಳ್ತಿರೋದು, ಬೆಲ್ ಒತ್ತಿ. ಅನುಭವ ಇದೆ ಅಂತೀರಾ? ಎಷ್ಟು ಎಂಎಲ್? ದುಬಾರಿ ಮಷೀನ್ ಅಂತೀರಾ? ಎಷ್ಟು ಎಂಎಲ್? ಜರ್ಮನಿಗೆ ಹೋಗಿ ಕಲಿತು ಬಂದ್ರಾ? ಭೇಷ್. ಎಷ್ಟು ಎಂಎಲ್?

ಕ್ಯಾಮೆರಾ ಹಿಡಿದಿರೋ ಮಗಳು ಸಾಕು ಅಂತ ಕೈ ಮಾಡ್ತಿದ್ದಾಳೆ. ಮುಂದಿನ ವಾರ, ಸ್ಪೈನಲ್, ಅಂದ್ರೆ ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್, ಕೊಟ್ರೆ ಜೀವಮಾನ ಪೂರ್ತಿ ಬೆನ್ನುನೋವು ಅಂತಾರಲ್ಲ, ಅವರ ಜೊತೆ ಜಗಳ. ಅತ್ತೆ, ದೊಡ್ಡಪ್ಪ ಎಲ್ಲರನ್ನೂ ಕೂರಿಸ್ಕೊಂಡು ನೋಡಿ.